ಬೇಸಿಗೆಯಲ್ಲಿ ಎಣಿಸಿದ ಕಣಿವೆ

ಎರಡು ಸಾವಿರದ ನಂತರದ ಆ ವರ್ಷಗಳಲ್ಲಿ ಕೊಚ್ಚಿಯ ಪತ್ರಿಕಾ ಕಚೇರಿ ನನ್ನನ್ನು ತಿರುವನಂತಪುರಕ್ಕೆ ವರದಿಗಾರನಾಗಿ ಕಳಿಸಿತ್ತು. ಕಳಕ್ಕೂಟಂನಲ್ಲಿ ನನ್ನ ಬಾಡಿಗೆ ಕೋಣೆಯ ಹಿಂದೆ ಒಂದು ಸಣ್ಣ ಕಣಿವೆ. ಐಟಿಯವರಿಗೆ ಫ್ಲ್ಯಾಟು ಕಟ್ಟಲು ಅದನ್ನು ಮಣ್ಣು ತುಂಬಿ ಸಮ ಮಾಡಬೇಕಿತ್ತು. ಅದಕ್ಕೆ ಮೊದಲು ಅಲ್ಲಿ ಬೆಳೆಯುವ ಗಿಡಗಳ ಪಟ್ಟಿಯಾಗಬೇಕಿತ್ತು. ಆಯಿತು. ಏಪ್ರಿಲ್‌ನಲ್ಲಿ, ಒಂದೇ ಮಧ್ಯಾಹ್ನ. ಸಮೀಕ್ಷೆಗೆ ಬಂದ ಇಬ್ಬರಲ್ಲಿ ಒಬ್ಬ ಕೊಡೆ ಹಿಡಿದ, ಇನ್ನೊಬ್ಬ ಬರೆದ. ರಸ್ತೆಯಿಂದ ಕೆಳಗಿಳಿಯಲಿಲ್ಲ. 'ಒಣ ಹುಲ್ಲು, ಕಳೆ, ಎಂಟು ತೆಂಗು' ಎಂದು ವರದಿಯಾಯಿತು.

ನಾನು ಅದನ್ನು ಇದ್ದಂತೆಯೇ ಸುದ್ದಿ ಮಾಡಿದೆ. ದಾಖಲೆಯಲ್ಲಿರುವುದನ್ನಷ್ಟೇ ಬರೆಯಬೇಕೆಂಬುದು ನಮ್ಮ ಡೆಸ್ಕಿನ ಶಿಸ್ತು.

"ಸಾರ್‌ಗೆ ಕಿಟಕಿ ಕೊಟ್ಟಿದ್ದೇನಲ್ಲ, ತೆರೆದು ನೋಡಬಾರದಿತ್ತೇ?" ಎಂದರು ಮನೆಯೊಡತಿ. ಬಾಣಂತಿಯರಿಗೆ ಮದ್ದು ಅರೆದು ಕೊಡುವ ಅವರನ್ನು ಎಲ್ಲರೂ ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದರು. ಮದ್ದಿನ ಗಿಡಗಳಿಗೆ ಅವರು ಇಳಿಯುತ್ತಿದ್ದುದು ಆ ಕಣಿವೆಗೇ. "ಮಳೆ ಬರಲಿ. ಈಗ ಎಲ್ಲ ಮಣ್ಣೊಳಗೆ ಮಲಗಿವೆ."

ಮಳೆ ಬಂತು. ಕರ್ಕಟಕ ಮಾಸ, ಅಂದರೆ ನಮ್ಮ ಕಾಸರಗೋಡಿನ ಆಟಿ ತಿಂಗಳು, ಶುರುವಾಗುವ ದಿನ ಮಲಯಾಳಿ ಮನೆಗಳಲ್ಲಿ ದೀಪದ ಮುಂದೆ ದಶಪುಷ್ಪವೆಂದು ಹತ್ತು ಕಾಡುಗಿಡ ಇಡುತ್ತಾರೆ. ಅದರ ಮುನ್ನಾದಿನ ಚೇಚಿ ಹತ್ತನ್ನೂ ಕಣಿವೆಯಿಂದ ಬೇರುಸಹಿತ ಕಿತ್ತು, ಬಾಳೆಲೆಯಲ್ಲಿ ಸುತ್ತಿ, ನನ್ನನ್ನೂ ಕರೆದುಕೊಂಡು ಸಮೀಕ್ಷೆಯ ಸರ್ಕಾರಿ ಕಚೇರಿಗೆ ಹೊರಟರು. ಮರುಸಮೀಕ್ಷೆ ಕೇಳಲು ಅದೇ ಕೊನೆಯ ದಿನ.

ಅಧಿಕಾರಿ ನನ್ನಂತೆಯೇ ಕಾಸರಗೋಡಿನವರು, ನನ್ನೊಡನೆ ಕನ್ನಡದಲ್ಲೇ ಮಾತಾಡಿದರು. ಬಾಳೆಲೆ ಬಿಡಿಸಿದರು. ಮುಕ್ಕುಟ್ಟಿ, ನೆಲತಾಳೆ, ವಿಷ್ಣುಕ್ರಾಂತಿ, ಒಂದೊಂದರ ಹೆಸರನ್ನೂ ಸರಿಯಾಗಿ ಹೇಳಿದರು. ಆಮೇಲೆ ಕಡತ ಬಿಡಿಸಿದರು.

"ಇದು ಯಾವುದೂ ಪಟ್ಟಿಯಲ್ಲಿ ಇಲ್ಲವಲ್ಲ ಮಾರಾಯ್ರೆ."

"ಇಲ್ಲವೆಂದೇ ಬಂದದ್ದು," ಎಂದೆ.

"ಪಟ್ಟಿಯಲ್ಲಿ ಇಲ್ಲದ್ದನ್ನು ಆ ಕಣಿವೆಯದ್ದೇ ಅಂತ ನಾನು ಹೇಗೆ ಬರೆಯುದು? ಎಲ್ಲಿಂದಲೋ ತಂದಿರ್ಬಹುದು."

ಅರ್ಜಿಯ ಮೇಲೆ 'ಆಧಾರವಿಲ್ಲ' ಎಂದು ಷರಾ ಬಿತ್ತು. ಅಧಿಕಾರಿಯ ಮಾತನ್ನು ಚೇಚಿಗೆ ಮಲಯಾಳದಲ್ಲಿ ಹೇಳಿದೆ. ಅವರು ಗಿಡಗಳನ್ನು ಸುತ್ತಲು ಕೈ ಚಾಚಿದರು.

"ಅದು ಇಲ್ಲೇ ಇರಲಿ ಚೇಚಿ," ಎಂದು ಅಧಿಕಾರಿಯೂ ಮಲಯಾಳಕ್ಕೆ ಹೊರಳಿದರು. "ನನ್ನ ಹೆಂಡತಿ ಇಲ್ಲಿಯವಳು, ನಾಳೆಯ ದೀಪಕ್ಕೆ ಮೂರು ದಿನದಿಂದ ಹುಡುಕಿಸುತ್ತಿದ್ದಾಳೆ. ಈ ಊರಿನಲ್ಲಿ ಎಲ್ಲಿಯೂ ಸಿಗುವುದಿಲ್ಲ."

ಚೇಚಿ ಬಾಳೆಲೆ ಮಡಚಿದರು. "ಎಲ್ಲಿಂದಲೋ ತಂದದ್ದು ಸಾರೇ. ದೇವರಿಗೆ ಆಗಲಿಕ್ಕಿಲ್ಲ."

ಮುಂದಿನ ವಾರ ಕೆಂಪು ಮಣ್ಣಿನ ಲಾರಿಗಳು ಬಂದವು. ಆ ಸುದ್ದಿಯನ್ನು ಕಿಟಕಿ ತೆರೆದಿಟ್ಟುಕೊಂಡು ಬರೆದೆ.