ಸೋಪು ಸವರಿದ ಕೈ

ದುರ್ಗಿಗುಡಿಯ ಮನೆಯಂಗಳದಲ್ಲಿ ನಮ್ಮ ಹಳೆಯ ಸ್ಪೋರ್ಟ್ಸ್ ಕಾರಿನ ಸಸ್ಪೆನ್ಷನ್ನಿನ ಕೀಲಿನೊಳಗೆ ಹೊಸ ರಬ್ಬರ್ ಬುಷ್ ಕೂರಿಸುತ್ತಿದ್ದೆ. ಜಾರಲೆಂದು ಸೋಪಿನ ನೀರು ಸವರಿದೆ. ಆ ವಾಸನೆಗೆ ನನ್ನ ಚಿಕ್ಕಂದಿನ ಭದ್ರಾವತಿಯ ಕ್ವಾರ್ಟರ್ಸಿನ ಜಗಲಿ ಕಣ್ಮುಂದೆ ತೇಲಿ ಬಂತು.

ಬಳೆಗಾರ ಅಮ್ಮನ ಕೈಗೆ ಸೋಪು ಸವರಿ, "ಕೈ ಸಡಿಲ ಬಿಡಿ ತಾಯಿ" ಎನ್ನುತ್ತ ಹಸಿರು ಗಾಜಿನ ಬಳೆ ಏರಿಸುತ್ತಿದ್ದ. ಒಂದು ಚಟ್ಟೆಂದಿತು.

"ಒಡೀತು!" ಎಂದೆ.

ಅಮ್ಮ ಒದ್ದೆ ಕೈಯಲ್ಲೇ ನನ್ನ ಬಾಯಿ ಮುಚ್ಚಿದಳು. "ಮುತ್ತೈದೆ ಬಳೆಗೆ ಹಂಗನ್ಬಾರ್ದು. ಹೆಚ್ಚಾಯ್ತು ಅನ್ನು."

ಕಾರ್ಖಾನೆಯ ಕುಲುಮೆ ಕೆಲಸಕ್ಕೆ ಹೋಗಿದ್ದ ಅಪ್ಪನ ಸೈಕಲ್ ತಿರುವಿನಲ್ಲಿ ಕಾಣುವವರೆಗೂ ಅವಳು ಜಗಲಿಯಿಂದ ಏಳಲಿಲ್ಲ.

ಈಗ ಅಂಗಳಕ್ಕೆ ಬಂದ ನನ್ನ ಗಂಡ, ನಾನು ಕಳಚಿಟ್ಟಿದ್ದ ಹಳೆಯ ಬುಷ್ ಎತ್ತಿ ನೋಡಿದರು. ನಿನ್ನೆಯಷ್ಟೇ ಇದೇ ಕಾರಿನಲ್ಲಿ ಘಟ್ಟ ಹತ್ತಿ ಬಂದವರು.

"ಇದು ಒಡೆದೇ ಹೋಗಿದ್ಯಲ್ಲೇ ಮಾರಾಯ್ತಿ!"

ನನ್ನ ಸೋಪಿನ ಕೈ ಅವರ ಬಾಯಿ ಮುಚ್ಚಿತು.

"ಹೆಚ್ಚಾಗಿದೆ ಅನ್ನಿ."