ಖಾಲಿ ಬಂದ ಡಬ್ಬಿ

ಸಿರಿ, ವೇದಾಂತ್, ಹೋದ ವಾರ ಅಡುಗೆಮನೆಯ ಮೇಲಿನ ಕಪಾಟಿನಿಂದ ಒಂದು ಸ್ಟೀಲ್ ಡಬ್ಬಿ ಇಳಿಸಿ ಕೊಟ್ಟಿರಲ್ಲ, ಅದರ ಮುಚ್ಚಳ ತೆಗೆದಾಗ ಏಲಕ್ಕಿಯ ವಾಸನೆ ಇನ್ನೂ ಇತ್ತು. ಇದರಲ್ಲಿ ಏನಿಡುತ್ತಿದ್ದೆ ಎಂದು ಕೇಳಿದಿರಿ. ಪೇಡೆ ಎಂದಷ್ಟೇ ಹೇಳಿದೆ. ಬಾಯಿಬಿಟ್ಟು ಹೇಳಲು ಆಗದ್ದನ್ನು ಈಗ ಬರೆಯುತ್ತಿದ್ದೇನೆ. ನನ್ನ ಓದು ಊರಿನ ಕನ್ನಡ ಶಾಲೆಯ ಏಳನೇ ಇಯತ್ತೆಗೆ ಮುಗಿಯಿತು. ತಪ್ಪಿದ್ದರೆ ನಿಮ್ಮಪ್ಪ ತಿದ್ದಿ ಓದಿ ಹೇಳುತ್ತಾನೆ.

ನಾವು ಇಂಗ್ಲಿಷರ ದೇಶದ ಈ ಸಟನ್ ಊರಿಗೆ ಬಂದದ್ದು ತೊಂಬತ್ತೆರಡರಲ್ಲಿ. ನಿಮ್ಮ ಅಜ್ಜನಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ. ಬೆಳಿಗ್ಗೆ ಅವರು ಹೊರಟರೆ ಸಂಜೆಯವರೆಗೆ ನನ್ನೊಡನೆ ಮಾತಾಡುತ್ತಿದ್ದವರು ಪಕ್ಕದ ಮನೆಯಮ್ಮ ಒಬ್ಬರೇ. ಅರವತ್ತು ದಾಟಿದ ಇಂಗ್ಲಿಷ್ ಹೆಂಗಸು, ಗಂಡನಿಲ್ಲ, ಮಕ್ಕಳಿಲ್ಲ. ಬೇಲಿಯಾಚೆಯಿಂದ ಒಂದೊಂದೇ ಪದ ಬಿಡಿಸಿ ಹೇಳುತ್ತಿದ್ದರು, ನಾನು ತಪ್ಪು ಮಾತಾಡಿದರೂ ನಗುತ್ತಿರಲಿಲ್ಲ.

ಮನೆಯಲ್ಲಿ ಏನಾದರೂ ಒಳ್ಳೆಯದಾದರೆ ಹಾಲಿನ ಪುಡಿ ಕೆಂಪಗೆ ಹುರಿದು ಪೇಡೆ ಮಾಡಿ, ಈ ಡಬ್ಬಿಯಲ್ಲಿ ಹಾಕಿ ಅವರಿಗೆ ಕೊಡುತ್ತಿದ್ದೆ. ಬಾಗಿಲು ತೆಗೆದವರೇ "ವಾಟ್ ಈಸ್ ದ ಗುಡ್ ನ್ಯೂಸ್?" ಎನ್ನುತ್ತಿದ್ದರು. ಮುಚ್ಚಳದ ಮೇಲೆ ಕನ್ನಡದಲ್ಲಿ ಕೆತ್ತಿದ ನನ್ನ ಹೆಸರಿನ ಮೇಲೆ ಬೆರಳಾಡಿಸುತ್ತಿದ್ದರು. ನಮ್ಮಲ್ಲಿ ಡಬ್ಬಿ ಖಾಲಿ ಮರಳಿಸುವುದಿಲ್ಲ ಎಂದು ಒಮ್ಮೆ ಹೇಗೋ ಕೈಸನ್ನೆ ಮಾಡಿ ತಿಳಿಸಿದ್ದೆ. ಆಮೇಲೆ ಅದು ಖಾಲಿ ಬಂದದ್ದಿಲ್ಲ. ಹಿತ್ತಲಿನ ಸೇಬು, ಪುದೀನ, ಏನೂ ಇಲ್ಲದಿದ್ದರೆ ಎರಡು ಟೀ ಬ್ಯಾಗ್...

ಶನಿವಾರ ಅವರು ರೈಲು ಸ್ಟೇಷನ್ನಿನ ಮುಂದೆ ಮಡಚುವ ಮೇಜು ಹಾಕಿಕೊಂಡು ನಿಲ್ಲುತ್ತಿದ್ದರು. ಒಂದು ಬೋರ್ಡು, ಜನರಿಂದ ಸಹಿ ಪಡೆಯಲು ಕಾಗದ. ಬೋರ್ಡಿನಲ್ಲಿ ಬಾಂಬ್ ಎಂಬ ಪದ ಮಾತ್ರ ನನಗೆ ಓದಲು ಬಂತು. ಈ ದೇಶದವರು ತಮ್ಮ ಸರ್ಕಾರದ ಅಣುಬಾಂಬು ಬೇಡ ಎನ್ನುತ್ತಿದ್ದಾರೆ, ಅದು ಅವರ ಮನೆಯ ಮಾತು ಎಂದುಕೊಂಡೆ. ಒಮ್ಮೆ ನನ್ನ ಮುಂದೂ ಕಾಗದ ಹಿಡಿದರು. ನಿನ್ನ ಅಕ್ಷರದಲ್ಲೇ ಬರೆ, ಡಬ್ಬಿಯ ಮೇಲಿದೆಯಲ್ಲ ಹಾಗೆ, ಎಂದರು. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಬಂದೆ.

"ಕಂಡ ಕಾಗದಕ್ಕೆಲ್ಲಾ ಸಹಿ ಹಾಕ್ಕೋತ ಅಡ್ಡಾಡಬ್ಯಾಡ. ನಮಗ ಇಲ್ಲಿನ ಪಾಸ್‌ಪೋರ್ಟ್ ಇನ್ನ ಬಂದಿಲ್ಲ," ಎಂದರು ನಿಮ್ಮ ಅಜ್ಜ. ಪಕ್ಕದ ಮನೆಯಮ್ಮನೂ ಮತ್ತೆ ಕೇಳಲಿಲ್ಲ.

ಅವರ ಗಂಡ ಹೇಗೆ ತೀರಿಕೊಂಡರು ಎಂದು ಒಂದು ದಿನ ಕೇಳಿದ್ದೆ. "ದ ಟೆಸ್ಟ್ ಕಿಲ್ಡ್ ಹಿಮ್," ಎಂದರು. ಇನ್ನೂ ಏನೇನೋ ಹೇಳಿದರು, ಬೆಳಕು, ಸಮುದ್ರ, ಕೈ... ನನಗೆ ಹಿಡಿದದ್ದು ಟೆಸ್ಟ್ ಎಂಬ ಮಾತೊಂದೇ. ನಮ್ಮ ಮನೆಯಲ್ಲಿ ಟೆಸ್ಟ್ ಎಂದರೆ ರಕ್ತದ ಟೆಸ್ಟ್. ಯಾವುದೋ ಲ್ಯಾಬಿನವರ ತಪ್ಪಿನಿಂದ ಹೋದರೇನೋ ಎಂದು ನನಗೇ ನಾಚಿಕೆಯಾಗಿ, ನಿಮ್ಮ ಅಜ್ಜನ ಮುಂದೆ ಅದನ್ನು ಎತ್ತಲೇ ಇಲ್ಲ.

ತೊಂಬತ್ತೆಂಟರ ಮೇ ತಿಂಗಳು. ಸ್ಟ್ಯಾನ್ಮೋರಿನ ಡಾಕ್ಟರೊಬ್ಬರ ಮನೆಯಲ್ಲಿ ನಮ್ಮ ಕಡೆಯವರು ಸೇರಿದ್ದೆವು. ಭಾರತ ಅಣುಬಾಂಬಿನ ಪರೀಕ್ಷೆ ಮಾಡಿದ ಸುದ್ದಿ ಟಿವಿಯಲ್ಲಿ ಬರುತ್ತಿತ್ತು. "ಇನ್ಮ್ಯಾಲೆ ನಮ್ಮನ್ನ ಯಾರೂ ಸಣ್ಣಾವ್ರಂತ ತಿಳ್ಕೊಳ್ಳಂಗಿಲ್ಲ ನೋಡ್ರಿ," ಎಂದರು ಒಬ್ಬರು. ಅಂಗಡಿಗಳಲ್ಲಿ ನನ್ನ ಇಂಗ್ಲಿಷಿಗೆ ನಕ್ಕ ಮುಖಗಳೆಲ್ಲ ನೆನಪಾಗಿ ನನ್ನ ಎದೆಯೂ ಉಬ್ಬಿತು. ಸುಳ್ಳು ಯಾಕೆ ಹೇಳಲಿ...

ಮರುದಿನ ಪೇಡೆ ಮಾಡಿ ಪಕ್ಕದ ಮನೆಗೆ ಒಯ್ದೆ.

"ವಾಟ್ ಈಸ್ ದ ಗುಡ್ ನ್ಯೂಸ್?"

"ಇಂಡಿಯಾ. ಬಾಂಬ್ ಟೆಸ್ಟ್. ವೆರಿ ಗುಡ್," ಎಂದೆ ನಾನು.

ನನ್ನ ಹೆಸರಿನ ಮೇಲಿದ್ದ ಅವರ ಬೆರಳು ಅಲ್ಲೇ ನಿಂತಿತು. "ಓ, ಮೈ ಡಿಯರ್," ಎಂದು ಬಹಳ ಮೆಲ್ಲಗೆ ಹೇಳಿ, ಇನ್ನೂ ಮೆಲ್ಲಗೆ ಬಾಗಿಲು ಮುಚ್ಚಿದರು.

ಸಂಜೆ ನಿಮ್ಮ ಅಜ್ಜನಿಗೆ ನಡೆದದ್ದನ್ನು ಹೇಳಿದೆ. ಅವರು ಕುರ್ಚಿಯಲ್ಲಿ ಕುಸಿದರು. "ಎಂಥಾ ಕೆಲಸ ಮಾಡಿ ಬಂದಿ! ಅಕಿ ಗಂಡ ಸೈನ್ಯದಾಗಿದ್ದ. ಹುಡುಗಿದ್ದಾಗ ಯಾವ್ದೋ ದ್ವೀಪದಾಗ ನಿಲ್ಲಿಸಿ ಬಾಂಬಿನ ಟೆಸ್ಟ್ ಮಾಡಿದ್ರು. ಕೈಲೆ ಕಣ್ಣು ಮುಚ್ಕೊಂಡ್ರೂ ಆ ಬೆಳಕಿನಾಗ ತನ್ನ ಕೈಯಾನ ಎಲುವು ಕಂಡ್ವಂತ. ರಕ್ತದ ಕ್ಯಾನ್ಸರಾಗಿ ಸತ್ತ. ನನಗ ಅಕಿನ ಹೇಳಿದ್ಲು, ನಿನಗ ಹೇಳಿದ್ದಿಲ್ಲೇನು?"

ಹೇಳಿದ್ದರು. ನನಗೆ ಅರ್ಥವಾಗಿರಲಿಲ್ಲ.

ಬೆಳಿಗ್ಗೆ ಡಬ್ಬಿ ನಮ್ಮ ಮೆಟ್ಟಿಲ ಮೇಲಿತ್ತು. ತೊಳೆದು ಒರೆಸಿ ಇಟ್ಟಿದ್ದರು. ಮುಚ್ಚಳ ತೆಗೆದೆ. ಖಾಲಿ.

ಆಮೇಲೆ ಅವರು ಮಾತು ಬಿಡಲಿಲ್ಲ, ಆದರೆ ಅದು ಮಳೆ, ಚಳಿಯ ಮಾತಷ್ಟೇ ಆಯಿತು. ಹೋಗಿ ತಪ್ಪಾಯಿತು ಎನ್ನಬೇಕೆಂದು ದಿನವೂ ಅಂದುಕೊಳ್ಳುತ್ತಿದ್ದೆ. ಇಂಗ್ಲಿಷಿನಲ್ಲಿ ಹೇಗೆ ಹೇಳುವುದು, ಎಷ್ಟು ಹೇಳುವುದು... ಶನಿವಾರ ಸ್ಟೇಷನ್ನಿನ ಹತ್ತಿರ ಹೋಗಬೇಕಾದರೆ ಆಚೆ ಬದಿಯ ಫುಟ್‌ಪಾತಿನಲ್ಲಿ ತಲೆ ತಗ್ಗಿಸಿ ನಡೆದೆ. ಹೀಗೆ ವರ್ಷಗಳೇ ಹೋದವು. ನಿಮ್ಮ ಅಜ್ಜ ತೀರಿಕೊಂಡಾಗ ಅವರು ಬಂದು ನನ್ನ ಕೈ ಹಿಡಿದು ಒಂದು ಗಂಟೆ ಕುಳಿತರು. ಅಂದೂ ನಾನು ಹೇಳಲಿಲ್ಲ.

ಆಮೇಲೆ ಅವರಿಗೆ ಮರೆವಿನ ಕಾಯಿಲೆ ಬಂತು. ಕೌನ್ಸಿಲ್‌ನವರು ವೃದ್ಧರ ಹೋಮಿಗೆ ಸೇರಿಸಿದರು. ಹೇಳಬೇಕಾದ ಮಾತನ್ನು ನಿಮ್ಮಪ್ಪನಿಂದ ಇಂಗ್ಲಿಷಿನಲ್ಲಿ ಬರೆಸಿಕೊಂಡು, ಬಾಯಿಪಾಠ ಮಾಡಿ, ಪೇಡೆ ತೆಗೆದುಕೊಂಡು ಹೋದೆ. ಅವರಿಗೆ ನನ್ನ ಗುರುತು ಸಿಗಲಿಲ್ಲ. ಡಬ್ಬಿ ಕಂಡೊಡನೆ ಮಾತ್ರ ಮುಖ ಅರಳಿತು.

"ವಾಟ್ ಈಸ್ ದ ಗುಡ್ ನ್ಯೂಸ್?"

ಕಲಿತ ಮಾತು ಬಿಟ್ಟು, ಮುಚ್ಚಳ ತೆಗೆದು ಡಬ್ಬಿ ಮುಂದೆ ಹಿಡಿದೆ. ಒಂದು ಪೇಡೆ ತಿಂದರು. ಉಳಿದದ್ದನ್ನು ತಟ್ಟೆಗೆ ಸುರಿದುಕೊಂಡು, ಸುತ್ತ ಏನನ್ನೋ ಹುಡುಕಿದರು. ಕೊನೆಗೆ ಟೀ ಸಾಸರಿನಲ್ಲಿದ್ದ ಒಂದೇ ಬಿಸ್ಕತ್ತನ್ನು ಡಬ್ಬಿಗೆ ಹಾಕಿ, ಮುಚ್ಚಿ, ನನ್ನ ಕೈಗಿಟ್ಟರು.

ಕ್ಷಮಿಸಿದರೋ, ಮರೆತಿದ್ದರೋ... ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತ ಬಂದೆ. ಮರೆತಿದ್ದರೆಂದೇ ಈಗಲೂ ಅನಿಸುತ್ತದೆ.

ಆ ಚಳಿಗಾಲದಲ್ಲೇ ಹೋದರು. ಒಂದು ಶನಿವಾರ ನಾನು ಪೆನ್ನು ಹಿಡಿದುಕೊಂಡು ಸ್ಟೇಷನ್ನಿಗೆ ಹೋದೆ. ಅವರ ಬದಲಿಗೆ ಯಾರಾದರೂ ನಿಂತಿರಬಹುದು ಎಂಬ ಆಸೆ. ಮೇಜು ಹಾಕುತ್ತಿದ್ದ ಜಾಗದಲ್ಲಿ ಜನ ಓಡಾಡುತ್ತಿದ್ದರು, ಅಷ್ಟೇ.

ಮಕ್ಕಳೇ, ಆ ಬಾಂಬುಗಳು ಇನ್ನೂ ಇವೆ. ಇಲ್ಲಿಯವೂ ಇವೆ, ನಮ್ಮ ಕಡೆಯವೂ ಇವೆ. ನಮ್ಮದು ಒಳ್ಳೆಯದು, ಅವರದು ಕೆಟ್ಟದ್ದು ಎಂದು ನಿಮ್ಮ ಅಜ್ಜಿ ಒಮ್ಮೆ ನಂಬಿ ಪೇಡೆ ಹಂಚಿದ್ದಳು. ನೀವು ನಂಬಬೇಡಿ. ಎರಡೂ ಬೇಡ ಎನ್ನಿ. ಯಾರಾದರೂ ಕಾಗದ ಹಿಡಿದು ನಿಂತಿದ್ದರೆ ಆಚೆ ಬದಿಯಲ್ಲಿ ನಡೆಯಬೇಡಿ.

ಅವರ ಕಾಗದಕ್ಕೆ ಹಾಕದ ಸಹಿಯನ್ನು ಇದರ ಕೆಳಗೆ ಹಾಕಿದ್ದೇನೆ, ಮುಚ್ಚಳದ ಮೇಲಿರುವ ಅಕ್ಷರದಲ್ಲೇ. ಈ ಹಾಳೆಗಳನ್ನು ಆ ಡಬ್ಬಿಯೊಳಗೇ ಇಡುತ್ತೇನೆ. ಜೋಪಾನ ಮಾಡಿ. ಮತ್ತೆ ಅದನ್ನು ಖಾಲಿ ಮಾಡಬೇಡಿ.