ಹಲಗೆಯ ಮೇಲೆ ನಿಂತ ಅಜ್ಜಿ

ಕಾಲ ಕೆಳಗೆ ಒಂದೇ ಒಂದು ಹಲಗೆ. ಅದರ ಕೆಳಗೆ, ತಲೆ ತಿರುಗುವಷ್ಟು ಆಳದಲ್ಲಿ, ಕಾರುಗಳು ಇರುವೆಗಳ ಹಾಗೆ ಹರಿದಾಡುತ್ತಿದ್ದವು. ನಿಜಕ್ಕೂ ನಾನು ನಿಂತಿದ್ದು ನಾಗಪುರದ ವಾಡಿಯಲ್ಲಿರುವ ಮಗನ ಮನೆಯ ಪಡಸಾಲೆಯಲ್ಲಿ, ಇಲ್ಲದ ಲೋಕವನ್ನು ಎದುರಿಗೇ ತೋರಿಸುವ ವಿಆರ್ ಪೆಟ್ಟಿಗೆಯನ್ನು ಕಣ್ಣಿಗೆ ಕಟ್ಟಿಕೊಂಡು. ಅದರೊಳಗೆ ಏನಿದೆ ನೋಡಿಯೇಬಿಡೋಣ ಎಂದು ನಾನೇ ಹಟ ಹಿಡಿದು ಹಾಕಿಸಿಕೊಂಡಿದ್ದೆ. ಬಗ್ಗಿ ನೋಡುವ ಆಸೆಯೇನೋ ಇತ್ತು, ಆದರೆ ಹೆಜ್ಜೆ ಕಿತ್ತಿಡಲು ಧೈರ್ಯ ಬರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತೆ.

“ಅವ್ವಾ, ಮನೀ ಫರಸಿ ಮ್ಯಾಲ ನಿಂತೀಯಲ್ಲ, ಯಾಕ ಅಂಜತೀ?” ಎಂದು ಮಗ ಬಿದ್ದು ಬಿದ್ದು ನಗುತ್ತಿದ್ದ.

ಅಷ್ಟರಲ್ಲಿ ಒಂದು ಪುಟ್ಟ ಕೈ ನನ್ನ ಕೈ ಹಿಡಿಯಿತು. “ಅಜ್ಜಿ, ಅಂಜಬ್ಯಾಡ. ನಾ ಇಲ್ಲೇ ಅದೀನಿ. ಹಳ್ಳೂಕ ಕಾಲಿಡು.”

ಮೊಮ್ಮಗಳು ಪ್ರಾಚಿ! ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಏನೇ ಕೇಳಿದರೂ ಹಿಂದಿಯಲ್ಲೇ ಉತ್ತರ. ನನ್ನ ಹಿಂದಿ ತರಕಾರಿ ಕೊಳ್ಳುವಷ್ಟು ಮಾತ್ರ. ಈ ಮಗುವಿನ ಜೊತೆ ಮನಸ್ಸು ಬಿಚ್ಚಿ ಮಾತಾಡುವ ಭಾಗ್ಯ ನನಗಿಲ್ಲವೇನೋ ಎಂದು ಎಷ್ಟೋ ಸಲ ಕೊರಗಿದ್ದೆ. ಪೆಟ್ಟಿಗೆ ಕಿತ್ತು ಅವಳನ್ನು ಬಾಚಿ ತಬ್ಬಿಕೊಂಡೆ. ಕನ್ನಡ ಎಲ್ಲಿ ಕಲಿತೆ ಎಂದು ಕೇಳಿದೆ.

“ನೀ ಮಾತಾಡೂದು ಕೇಳಿ ಕೇಳಿ. ಬರೋಬರ್ ಬರಲಿಲ್ಲಂದ್ರ ಪಪ್ಪಾ ನಗತಾರ, ಅದಕ್ಕ ಸುಮ್ಮನಿದ್ದೆ.”

ಈಗ ಆ ಹಲಗೆಯ ಮೇಲೆ ನಾನು ಆರಾಮಾಗಿ ಓಡಾಡುತ್ತೇನೆ. ಆದರೂ ಪ್ರಾಚಿ ಪಕ್ಕದಲ್ಲಿದ್ದರೆ ‘ಅಯ್ಯೋ, ಬಿದ್ದೆ!’ ಎಂದು ಕೂಗುತ್ತೇನೆ. ಅವಳು ಕನ್ನಡದಲ್ಲಿ ಧೈರ್ಯ ಹೇಳುತ್ತಾಳೆ. ನಾನು ಇನ್ನಷ್ಟು ಹೆದರುತ್ತೇನೆ.